ಮೊದಲ ಎರಡು ನಿಮಿಷ ಮತ್ತು ಕಾಸರಗೋಡು

ವಿದ್ಯಾರ್ಥಿಗಳು ತೆಗೆಯುವ ಥ್ರಿಲ್ಲರ್ ಕಿರುಚಿತ್ರಗಳ ಮೊದಲ ಎರಡು ನಿಮಿಷ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಪಾಳುಬಿದ್ದ ಮನೆ, ಕಪ್ಪು ಗ್ಲೌಸ್ ತೊಟ್ಟ ಕೈ, ಗೋಡೆಯ ಮೇಲಿನ ಫೋಟೋಗಳ ನಡುವೆ ಎಳೆದ ಕೆಂಪು ದಾರ, ಜೊತೆಗೆ ಎದೆಬಡಿತದ ಸದ್ದು. ತೆಗೆದದ್ದು ಕಾಸರಗೋಡಿನಲ್ಲೋ ಕಲಬುರಗಿಯಲ್ಲೋ ಗೊತ್ತಾಗುವುದಿಲ್ಲ. ಈ ಹುಡುಗ ಹುಡುಗಿಯರು ಶ್ರಮ ಪಡುವುದಿಲ್ಲ ಎಂದು ಯಾರೂ ಹೇಳಲಾರರು. ಶಾಟ್‌ಗಳ ಪಟ್ಟಿ, ಸ್ಟೋರಿಬೋರ್ಡ್, ಯಾರು ಕ್ಯಾಮೆರಾ ಯಾರು ಎಡಿಟಿಂಗ್ ಎಂಬ ಹಂಚಿಕೆ ಎಲ್ಲವೂ ಅಚ್ಚುಕಟ್ಟು. ಆದರೆ ಸಂಶೋಧನೆಯೆಂದರೆ ಅವರ ಪಾಲಿಗೆ ಬೇರೆಯವರ ಥ್ರಿಲ್ಲರ್‌ಗಳನ್ನು ನೋಡುವುದಷ್ಟೇ. ನನ್ನ ತಕರಾರು ಇರುವುದು ಅಲ್ಲಿ.

ಕಾಸರಗೋಡಿನ ವಿದ್ಯಾರ್ಥಿಗೆ ಮಾದರಿ ದೂರದಲ್ಲಿಲ್ಲ. ದಿಲೀಶ್ ಪೋತನ್ ನಿರ್ದೇಶಿಸಿ 2017ರಲ್ಲಿ ತೆರೆಕಂಡ ಮಲಯಾಳ ಚಿತ್ರ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ ನೋಡಬೇಕು. ವೈಕಂ ಕಡೆಯ ಗಂಡ ಹೆಂಡತಿ ಕಾಸರಗೋಡಿಗೆ ಬಂದು ಒಣಭೂಮಿಯಲ್ಲಿ ಬೇಸಾಯಕ್ಕೆ ತೊಡಗುತ್ತಾರೆ. ನೀರಿಗಾಗಿ ದುಡ್ಡು ಬೇಕು, ದುಡ್ಡಿಗಾಗಿ ಕೊರಳ ಸರವೇ ಗತಿ. ಬಸ್ಸಿನಲ್ಲಿ ಹೆಂಡತಿಗೆ ಜೊಂಪು ಹತ್ತಿದಾಗ ಹಿಂದಿನ ಸೀಟಿನವನು ಸರ ಕತ್ತರಿಸುತ್ತಾನೆ. ಎಚ್ಚೆತ್ತ ಅವಳಿಗೆ ಅವನು ಸರ ನುಂಗುವುದು ಕಾಣುತ್ತದೆ. ಕಂಡವಳು ಅವಳೊಬ್ಬಳೇ, ಸಾಕ್ಷ್ಯ ಇರುವುದು ಕಳ್ಳನ ಹೊಟ್ಟೆಯಲ್ಲಿ. ರಕ್ತವಿಲ್ಲ, ಚೂರಿಯಿಲ್ಲ, ರಾತ್ರಿಯೂ ಅಲ್ಲ. ಆದರೂ ನೋಡುವವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಯಾಕೆಂದರೆ ಆ ಸರ ಹೋದರೆ ನೀರು ಹೋಯಿತು, ಬದುಕು ಹೋಯಿತು ಎಂಬುದನ್ನು ಚಿತ್ರ ಅದಕ್ಕೂ ಮೊದಲೇ ನಮಗೆ ತಿಳಿಸಿದೆ.

ಮುಂದಿನ ಕತೆ ನಡೆಯುವುದು ಶೇಣಿ ಠಾಣೆಯಲ್ಲಿ. ಶೇಣಿ ಎಂದರೆ ನಮ್ಮವರಿಗೆ ಯಕ್ಷಗಾನ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆ ನೆನಪಾಗುತ್ತದೆ. ಅದೇ ಊರಿನ ಹೆಸರಲ್ಲಿ ಒಂದು ಠಾಣೆಯ ದಿನಚರಿಯನ್ನು ಈ ಚಿತ್ರ ಕಟ್ಟಿತು. ಹಲವು ಪೊಲೀಸ್ ಪಾತ್ರಗಳಿಗೆ ಸಿಬಿ ಥಾಮಸ್‌ರಂಥ ಸೇವೆಯಲ್ಲಿದ್ದ ನಿಜ ಪೊಲೀಸರನ್ನೇ ಆರಿಸಿಕೊಂಡಿತು. ದೂರು ಬರೆಸಿಕೊಳ್ಳುವ ರೀತಿ, ಬೈಗುಳದ ಹಿಂದೆಯೇ ಬರುವ ಕನಿಕರ, ಮೇಲಧಿಕಾರಿಯ ಅಂಜಿಕೆ ಇವೆಲ್ಲ ಅವರ ಮೈಯಲ್ಲೇ ಇದ್ದವು. ಸಜೀವ್ ಪಾಳೂರ್ ಅವರ ಚಿತ್ರಕತೆಗೆ ರಾಷ್ಟ್ರ ಪ್ರಶಸ್ತಿ ಬಂದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಠಾಣೆಯ ಬದುಕನ್ನು ಅದನ್ನು ಬಲ್ಲವರಿಂದಲೇ ಹೀಗೆ ಕಟ್ಟುವುದೇ ಸಿನಿಮಾದಲ್ಲಿ ಸಂಶೋಧನೆ ಎಂಬ ಮಾತಿನ ಅರ್ಥ.

ಕನ್ನಡದಲ್ಲೂ ಉದಾಹರಣೆಯಿದೆ. ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಹುಟ್ಟಿದ್ದು ಬೆಂಗಳೂರಿನ ಒಂದು ಫ್ಲೈಓವರ್‌ನಲ್ಲಿ ಸವಾರರು ವಿಭಜಕದ ಕಲ್ಲು ಸರಿಸಿ ಅಡ್ಡದಾರಿ ಹಿಡಿಯುವ ಚಾಳಿಯಿಂದ. ದಿನವೂ ಸಾವಿರಾರು ಜನ ನೋಡಿ ಸುಮ್ಮನಿದ್ದ ತಪ್ಪಿನಿಂದ ಒಂದು ಥ್ರಿಲ್ಲರ್ ಎದ್ದಿತು.

ಹಾಗಾದರೆ ಮಂಜೇಶ್ವರ, ಬದಿಯಡ್ಕ, ಪೆರ್ಲ ಕಡೆಯ ವಿದ್ಯಾರ್ಥಿ ಎಲ್ಲಿಂದ ಶುರುಮಾಡಬೇಕು? ಬಾಯಾರು, ಪಡ್ರೆ ಕಡೆ ಮುರಕಲ್ಲಿನ ಗುಡ್ಡ ಕೊರೆದ ನೀರಿನ ಸುರಂಗಗಳಿವೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಅಗಲ. ಒಳಗೆ ಗಾಳಿ ಸಾಲುತ್ತಿದೆಯೇ ಎಂದು ತಿಳಿಯಲು ತೋಡುವವರು ಮೇಣದಬತ್ತಿ ಹಚ್ಚಿಟ್ಟುಕೊಳ್ಳುತ್ತಿದ್ದರು. ಆ ಜ್ವಾಲೆ ಸಣ್ಣದಾಗುವುದನ್ನು ತೋರಿಸಿದರೆ ಬೇರೆ ಸಂಗೀತ ಬೇಕೇ? ಆದರೆ ತೋಡಿದವರ ಹತ್ತಿರ ಕುಳಿತು ಕೇಳದೆ ಅದನ್ನು ತೆಗೆಯಲಾಗದು. ನಿಜವಾದ ಸುರಂಗದ ಒಳಕ್ಕೆ ಕ್ಯಾಮೆರಾ ಹಿಡಿದು ನುಗ್ಗಲೂ ಬಾರದು. ಬಾಯಿಯ ಬಳಿಯ ನಾಲ್ಕು ಅಡಿ ಜಾಗವೇ ಧಾರಾಳ. ಇನ್ನೊಂದು, ತಲಪಾಡಿ ಗಡಿ. 2020ರ ಮಾರ್ಚ್‌ನಲ್ಲಿ, ಕೋವಿಡ್ ಲಾಕ್‌ಡೌನಿನ ವೇಳೆ, ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಈ ಕಡೆಯ ರೋಗಿಗಳು ಸಿಕ್ಕಿಬಿದ್ದರು. ಆಂಬುಲೆನ್ಸಿನ ಹೆಡ್‌ಲೈಟಿಗೆ ಎದುರಾಗುವ ಮಣ್ಣಿನ ರಾಶಿಗಿಂತ ತೀವ್ರವಾದ ಮೊದಲ ಶಾಟ್ ನನಗೆ ಹೊಳೆಯುತ್ತಿಲ್ಲ.

ಭಾಷೆಯಂತೂ ಇಲ್ಲಿ ಪುಕ್ಕಟೆ ಸಿಗುವ ಸಂಪತ್ತು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕರ ಮಾತು ಎಲ್ಲವೂ ಒಂದೇ ಬಸ್ಸಿನಲ್ಲಿ ಕೇಳುತ್ತವೆ. ಮಲಯಾಳದಲ್ಲಿ ಟಿಕೆಟ್ ಕೇಳಿದ ಅಪರಿಚಿತ ಫೋನಿನಲ್ಲಿ ಅಚ್ಚ ತುಳುವಿನಲ್ಲಿ ಮಾತಾಡಿದರೆ ಪಕ್ಕದವರು ಒಮ್ಮೆ ತಿರುಗಿ ನೋಡುತ್ತಾರೆ. ಅನುಮಾನ ಅಲ್ಲೇ ಹುಟ್ಟಿತು. ಇಷ್ಟಿದ್ದೂ ನಮ್ಮ ವಿದ್ಯಾರ್ಥಿ ಚಿತ್ರಗಳ ಪಾತ್ರಗಳು ಬೆಂಗಳೂರಿನ ಡಬ್ಬಿಂಗ್ ಕನ್ನಡದಲ್ಲಿ ಮಾತಾಡುವುದು ಬೇಸರದ ಸಂಗತಿ.

ಎರಡು ವಿಷಯಗಳಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಭೂತಕೋಲ, ತೆಯ್ಯಂಗಳ ಮುಖವರ್ಣಿಕೆಯನ್ನು ಬೆಚ್ಚಿಬೀಳಿಸುವ ಮುಖವಾಗಿ ಬಳಸುವುದು ಬೇಡ. ಜನ ಆ ಮುಖದ ಮುಂದೆ ನ್ಯಾಯ ಕೇಳಲು ನಿಲ್ಲುತ್ತಾರೆ. ಎರಡನೆಯದು ಎಂಡೋಸಲ್ಫಾನ್. ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಈ ಕೀಟನಾಶಕ ಸಿಂಪಡಿಸುವುದು 2000ದವರೆಗೂ ನಡೆಯಿತು. ಆ ರೆಕ್ಕೆಯ ಸದ್ದಿನಿಂದ ಚಿತ್ರ ಆರಂಭಿಸಬಹುದು, ಅದಕ್ಕೆ ಹಕ್ಕೂ ಇದೆ. ಆದರೆ ಆ ವಿಷದ ಸಂತ್ರಸ್ತ ಮಕ್ಕಳ ದೇಹವನ್ನು ಭಯದ ಸಾಮಗ್ರಿಯಾಗಿ ತೋರಿಸುವ ಹಕ್ಕು ಯಾರಿಗೂ ಇಲ್ಲ.

ಚಿತ್ರೀಕರಣದ ಉಳಿದ ಯೋಜನೆ ಸರಳ. ಬೇಕಲ ಕೋಟೆಗೆ ಪುರಾತತ್ವ ಇಲಾಖೆಯ ಅನುಮತಿ, ಪ್ಲಾಟ್‌ಫಾರ್ಮಿಗೆ ರೈಲ್ವೆಯ ಅನುಮತಿ, ಆಟಿಕೆ ಪಿಸ್ತೂಲು ಹಿಡಿದು ಬೀದಿಗಿಳಿಯುವ ಮೊದಲು ಠಾಣೆಗೆ ಒಂದು ಮಾತು. ಮಳೆಗಾಲದಲ್ಲಿ ಧ್ವನಿಮುದ್ರಣ ಕಷ್ಟ ಎಂಬುದು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಕಿರುಚಿತ್ರಕ್ಕೆ ಅಂಕ ಕೊಡುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಸ್ಟೋರಿಬೋರ್ಡ್ ನೋಡುವ ಮೊದಲು, ಆ ತಂಡ ಊರಿನ ಯಾರ ಹತ್ತಿರ ಏನು ಕೇಳಿ ಬರೆದುಕೊಂಡಿತು ಎಂಬ ನೋಟ್‌ಬುಕ್ ಕೇಳಿ. ಅದಕ್ಕೆ ಅರ್ಧ ಅಂಕ ಇಡಿ.