ಚೀಟಿ ಇರಲಿ, ಗುಟ್ಟು ಬೇಡ

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಬೆಂಗಳೂರಿನ ಕಚೇರಿಗಳಲ್ಲಿ ‘ಸೀಕ್ರೆಟ್ ಸಾಂಟಾ’ ಸಡಗರ. ಹೆಚ್‌ಆರ್‌ನವರಿಂದ ಮೇಲ್ ಬರುತ್ತದೆ: ಉಡುಗೊರೆ 500 ರೂಪಾಯಿ ಮೀರಬಾರದು, ಯಾರ ಹೆಸರು ಬಂತೆಂದು ಬಾಯಿ ಬಿಡಬಾರದು, ಸೇರಲೇಬೇಕೆಂಬ ಕಡ್ಡಾಯವಿಲ್ಲ, ಆದರೆ ಎಲ್ಲರೂ ಸೇರಿದರೆ ಚೆನ್ನ. ಈ ಕೊನೆಯ ಮಾತಿನ ಅರ್ಥ ಏನೆಂದು ಆರು ತಿಂಗಳು ನೌಕರಿ ಮಾಡಿದವರಿಗೆಲ್ಲ ಗೊತ್ತು.

ಈ ಆಟದ ಬಗ್ಗೆ ಎರಡು ಮಾತುಗಳನ್ನು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಗುಟ್ಟೇ ಇದರ ಜೀವ, ಏನು ಬರುತ್ತದೋ ಯಾರಿಂದ ಬರುತ್ತದೋ ಎಂಬ ಕುತೂಹಲ ಹೋದರೆ ಉಳಿಯುವುದೇನು ಎಂಬುದು ಒಂದು. ಎಲ್ಲರಿಗೂ ಒಂದೇ ಮಿತಿ ಇರುವುದರಿಂದ ಇಲ್ಲಿ ಮೇಲುಕೀಳಿಲ್ಲ ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಹಾಗೆಂದು, ಇದೆಲ್ಲ ಪರದೇಶದ ಹುಚ್ಚು, ನಿಲ್ಲಿಸಿಬಿಡಿ ಎನ್ನುವವರ ಜೊತೆಗೂ ನಾನಿಲ್ಲ. ಈ ಆಟದಲ್ಲಿ ನಿಜಕ್ಕೂ ಒಳ್ಳೆಯದೊಂದಿದೆ, ಅದನ್ನು ಹೊಗಳುವವರೇ ಇಲ್ಲ. ಅದು ಯಾರು ಯಾರಿಗೆ ಕೊಡಬೇಕೆಂದು ಹೆಸರು ಬರೆದು ಎತ್ತುವ ಚೀಟಿ.

ನಮ್ಮ ಕಡೆ ಮದುವೆಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಮುಯ್ಯಿ ಮಾಡಿದವರ ಹೆಸರು, ಊರು, ಮೊತ್ತ ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ನಾಳೆ ಅವರ ಮನೆಯಲ್ಲಿ ಮದುವೆ ಗೊತ್ತಾದಾಗ ಆ ಪುಸ್ತಕ ಹೊರಗೆ ಬರುತ್ತದೆ. ಅವರು ಹಾಕಿದ್ದಕ್ಕಿಂತ ಕಡಿಮೆ ಹಾಕುವಂತಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಎಷ್ಟೋ ಬಡವರ ಮದುವೆಗಳು ದಾಟಿರುವುದೇ ಈ ಪುಸ್ತಕದ ಬಲದಿಂದ. ಕೊಡುವುದು, ತೆಗೆದುಕೊಳ್ಳುವುದು, ತೀರಿಸುವುದು ಮೂರೂ ಕಟ್ಟುಪಾಡುಗಳೇ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರ ತನ್ನ ಪ್ರಬಂಧದಲ್ಲಿ ಬರೆದದ್ದು ಮುಯ್ಯಿ ಪುಸ್ತಕವನ್ನು ಎದುರಿಗಿಟ್ಟುಕೊಂಡೇ ಬರೆದಂತಿದೆ. ಚೀಟಿ ಈ ಮೂರನೆಯ ಕಟ್ಟನ್ನು ಬಿಚ್ಚುತ್ತದೆ. ನಾನು ನಿಮಗೆ ಕೊಟ್ಟೆ, ನೀವು ಇನ್ನಾರಿಗೋ ಕೊಟ್ಟಿರಿ, ನನಗೆ ಮತ್ತಾರೋ ಕೊಟ್ಟರು. ಯಾರ ಋಣವೂ ಯಾರ ಮೇಲೂ ಉಳಿಯಲಿಲ್ಲ. ಬೇಕೆಂದರೂ ಮ್ಯಾನೇಜರನ್ನು ಒಲಿಸಿಕೊಳ್ಳುವಂತಿಲ್ಲ, ಬೇಡವಾದವರನ್ನು ಬಿಟ್ಟುಬಿಡುವಂತೆಯೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಯಾರೂ ಕರೆಯದ ಹೊಸ ಹುಡುಗನ ಹೆಸರೂ ಡಬ್ಬಿಯೊಳಗೆ ಇದ್ದೇ ಇರುತ್ತದೆ.

ಇಷ್ಟು ಒಳ್ಳೆಯ ಚೀಟಿಯನ್ನು ನಾವು ಎತ್ತುವ ಕ್ರಮವೇ ಅಷ್ಟಕ್ಕಷ್ಟೆ. ಎ4 ಹಾಳೆ ಹರಿದು, ಹೆಸರು ಬರೆದು, ಮಡಚಿ, ಖಾಲಿ ಸ್ವೀಟ್ ಬಾಕ್ಸಿನಲ್ಲಿ ಹಾಕಿ ಕುಲುಕುತ್ತಾರೆ. ನಡುವೆ ಯಾರೋ ಒಬ್ಬರು ಬಿಚ್ಚಿ ನೋಡಿ ‘ಅಯ್ಯೋ, ನನ್ನದೇ ಬಂತಲ್ಲ’ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಎಂಥ ಕಾಕತಾಳೀಯ ಎಂದು. ಕಾಕತಾಳೀಯ ಏನೂ ಅಲ್ಲ. ಹತ್ತು ಜನ ಹತ್ತು ಚೀಟಿ ಎತ್ತುವ ಬಗೆಗಳು ಒಟ್ಟು 36,28,800. ಯಾರಿಗೂ ತಮ್ಮ ಹೆಸರೇ ಬಾರದಿರುವ ಬಗೆಗಳು ಅದರಲ್ಲಿ 13,34,961 ಮಾತ್ರ. ಅಂದರೆ ನೂರಕ್ಕೆ 63 ಸಲ ಯಾರಾದರೊಬ್ಬರಿಗೆ ಅವರ ಹೆಸರೇ ಬರಬೇಕು. ಜನ ಹತ್ತಿರಲಿ ನೂರಿರಲಿ, ಈ ಪ್ರಮಾಣ ಬದಲಾಗುವುದಿಲ್ಲ ಎನ್ನಬಹುದು. ಪಿಯರ್ ರೆಮೊಂ ದ ಮೊಂಮೋರ್ ಎಂಬ ಫ್ರೆಂಚ್ ಗಣಿತಜ್ಞ ಇಸ್ಪೀಟಾಟದ ನೆಪದಲ್ಲಿ 1708ರಲ್ಲೇ ಈ ಪ್ರಶ್ನೆ ಎತ್ತಿದ್ದ. ಬಂದ ಚೀಟಿಯನ್ನು ವಾಪಸು ಹಾಕಿ ಮತ್ತೆ ಎತ್ತುವುದಕ್ಕಿಂತ ಸುಲಭದ ದಾರಿಯಿದೆ: ಚೀಟಿಗಳನ್ನು ಕಲೆಸಿ ಮೇಜಿನ ಮೇಲೆ ಬಳೆಯಂತೆ ಸುತ್ತ ಜೋಡಿಸಿ, ಪ್ರತಿಯೊಬ್ಬರೂ ತಮ್ಮ ಚೀಟಿಯ ಬಲಗಡೆಯ ಹೆಸರಿಗೆ ಕೊಡಲಿ. ಆಗ ತಮ್ಮ ಹೆಸರು ತಮಗೇ ಬರುವುದೂ ಇಲ್ಲ, ಇಬ್ಬರೇ ಪರಸ್ಪರ ಕೊಟ್ಟುಕೊಂಡು ಮುಗಿಸುವುದೂ ಇಲ್ಲ. ಹೀಗೆ ಮಾಡಿದರೆ ಜೋಡಿಸಿದವರಿಗೆ ಎಲ್ಲ ತಿಳಿದುಹೋಗುತ್ತದಲ್ಲ ಎನ್ನುತ್ತಾರೆ. ತಿಳಿಯಲಿ ಬಿಡಿ, ಏನೀಗ?

ಗುಟ್ಟಿಗೆ ಇಷ್ಟು ಬೆಲೆ ಬಂದದ್ದು ಸಾಂಟಾನ ಮೂಲಪುರುಷ ಸಂತ ನಿಕೋಲಸನಿಂದ. ನಾಲ್ಕನೆಯ ಶತಮಾನದಲ್ಲಿ, ಇಂದು ಟರ್ಕಿಗೆ ಸೇರಿರುವ ಮೈರಾ ಪಟ್ಟಣದಲ್ಲಿ ಬಿಷಪ್ ಆಗಿದ್ದವನು. ಅವನ ಬಗ್ಗೆ ಇರುವ ಐತಿಹ್ಯ ಪ್ರಸಿದ್ಧ. ಬಡವನೊಬ್ಬನಿಗೆ ಮೂವರು ಹೆಣ್ಣುಮಕ್ಕಳು, ಮದುವೆ ಮಾಡಲು ವರದಕ್ಷಿಣೆಗೆ ಕಾಸಿಲ್ಲ. ನಿಕೋಲಸ್ ರಾತ್ರಿ ಬಂದು ಹೊನ್ನಿನ ಗಂಟುಗಳನ್ನು ಮನೆಯೊಳಗೆ ಎಸೆದು ಹೋದ. ಅಲ್ಲಿ ಗುಟ್ಟು ಇದ್ದದ್ದು ತೆಗೆದುಕೊಂಡವರ ಮಾನ ಉಳಿಸಲಿಕ್ಕೆ. ಜೊತೆಗೆ, ಆ ಮನೆಗೆ ಬೇಕಾಗಿದ್ದು ಏನೆಂದು ಸಂತನಿಗೆ ಚೆನ್ನಾಗಿ ಗೊತ್ತಿತ್ತು. ಕಚೇರಿಯ ಸಾಂಟಾನಿಗೆ ಅದೊಂದು ಗೊತ್ತಿರುವುದಿಲ್ಲ. ಇಲ್ಲಿ ಗುಟ್ಟು ಉಳಿಸುವುದು ಕೊಟ್ಟವರ ಮಾನವನ್ನು.

ಕ್ರಿಸ್‌ಮಸ್‌ನ ಹಿಂದಿನ ಮಧ್ಯಾಹ್ನ ಟೇಬಲ್ಲುಗಳ ಮೇಲೊಮ್ಮೆ ಕಣ್ಣಾಡಿಸಿ. ಕಾಫಿ ಮಗ್, ಸುವಾಸನೆಯ ಮೇಣದಬತ್ತಿ, ನಗುವ ಬುದ್ಧ, ಫೋಟೊ ಫ್ರೇಮ್, ಮತ್ತೊಂದು ಕಾಫಿ ಮಗ್. ತಳ ತಿರುಗಿಸಿ ನೋಡಿದರೆ ಬೆಲೆಯ ಸ್ಟಿಕ್ಕರನ್ನು ಉಗುರಿನಲ್ಲಿ ಕೆರೆದ ಗುರುತು, ಅಂಟಿಗೆ ಮೆತ್ತಿಕೊಂಡ ಧೂಳು; ಹೋದ ವರ್ಷ ಬೇರೆ ಯಾರದೋ ಟೇಬಲ್ಲಿನಲ್ಲಿ ಇದ್ದದ್ದೇ ಇರಬಹುದು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ತಮಾಷೆಯ ಹೆಸರಲ್ಲಿ ಒಬ್ಬರಿಗೆ ಡಿಯೋಡರೆಂಟ್ ಬಂದಿರುತ್ತದೆ, ಇನ್ನೊಬ್ಬರಿಗೆ ತೂಕ ಇಳಿಸುವ ಪುಡಿ. ಅವರು ಅದನ್ನು ಎಲ್ಲರೆದುರು ಬಿಚ್ಚಿ, ಹಲ್ಲು ಕಿರಿದು, ಫೋಟೊಗೂ ನಿಲ್ಲಬೇಕು. ಹೆಸರು ಹಾಕಬೇಕೆಂಬ ನಿಯಮ ಇದ್ದಿದ್ದರೆ ಆ ಡಿಯೋಡರೆಂಟ್ ಅಂಗಡಿಯಲ್ಲೇ ಉಳಿಯುತ್ತಿತ್ತು.

ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗೆಲ್ 1993ರಲ್ಲಿ ವಿದ್ಯಾರ್ಥಿಗಳನ್ನು ಕೇಳಿ ಒಂದು ಲೆಕ್ಕ ಹಾಕಿದರು. ಉಡುಗೊರೆಗೆ ಸುರಿದ ಹಣದಲ್ಲಿ ಹತ್ತನೆಯ ಒಂದರಿಂದ ಮೂರನೆಯ ಒಂದು ಪಾಲು, ಪಡೆದವರ ಕಣ್ಣಲ್ಲಿ ಬೆಲೆಯೇ ಇಲ್ಲದೆ ಹೋಗುತ್ತದೆ ಎಂದರು. ಈ ಅಂಕಿಯ ಮೇಲೆ ಆಮೇಲೆ ತಕರಾರುಗಳು ಎದ್ದವು, ಅದಕ್ಕೆ ನಾನು ಜೋತುಬೀಳುವುದಿಲ್ಲ. ಆದರೆ ಆಪ್ತ ಗೆಳೆಯರು ಕೊಟ್ಟದ್ದರಲ್ಲಿ ನಷ್ಟ ಕಡಿಮೆ, ದೂರದ ಬಂಧುಗಳು ಕೊಟ್ಟದ್ದರಲ್ಲಿ ಹೆಚ್ಚು ಎಂದು ಅವರು ಕಂಡುಕೊಂಡದ್ದು ನಮ್ಮ ಅನುಭವಕ್ಕೂ ಬಂದದ್ದೇ. ಚೀಟಿ ಮಾಡುವ ಕೆಲಸವೇ ಗುರುತು ಪರಿಚಯ ಕಡಿಮೆಯಿರುವ ಇಬ್ಬರನ್ನು ಜೋಡಿಸುವುದು. ಅದರ ಮೇಲೆ ‘ಅವರನ್ನು ಏನೂ ಕೇಳಬಾರದು’ ಎಂಬ ನಿಯಮವನ್ನೂ ಹೇರಿದರೆ ಮಗ್ ಅಲ್ಲದೆ ಇನ್ನೇನು ಬಂದೀತು?

ಇದಕ್ಕೆ ಪರಿಹಾರ ನೆದರ್ಲೆಂಡ್ಸ್‌ನವರ ಹತ್ತಿರ ಬಹಳ ಹಿಂದಿನಿಂದಲೇ ಇದೆ. ಅಲ್ಲಿ ಡಿಸೆಂಬರ್ 5ರ ಸಂಜೆ ನಿಕೋಲಸನ ಹಬ್ಬ. ದೊಡ್ಡವರೇ ಇರುವ ಮನೆಗಳಲ್ಲಿ, ಗೆಳೆಯರ ಗುಂಪಿನಲ್ಲಿ ವಾರಗಳ ಮುಂಚೆಯೇ ಚೀಟಿ ಎತ್ತುತ್ತಾರೆ, ಬೇಕಾದ ವಸ್ತುಗಳ ಪಟ್ಟಿಯನ್ನೂ ಕೊಡುತ್ತಾರೆ. ಏನು ಬರಬಹುದೆಂದು ಹೆಚ್ಚುಕಡಿಮೆ ಗೊತ್ತೇ ಇರುತ್ತದೆ. ಅಚ್ಚರಿ ಇರುವುದು ಬೇರೆ ಕಡೆ. ಉಡುಗೊರೆಯನ್ನು ರಟ್ಟು, ಕಾಗದ, ಅಂಟಿನಿಂದ ಕೈಯಾರೆ ಮಾಡಿದ ಬೊಂಬೆಯಂಥದ್ದರ ಹೊಟ್ಟೆಯಲ್ಲಿ ಬಚ್ಚಿಡುತ್ತಾರೆ; ಫುಟ್‌ಬಾಲ್ ಹುಚ್ಚಿನವನಿಗೆ ರಟ್ಟಿನ ಚೆಂಡು ಎಂದುಕೊಳ್ಳಿ. ಜೊತೆಗೊಂದು ಪ್ರಾಸಬದ್ಧ ಪದ್ಯ. ಅದರಲ್ಲಿ ಆ ವರ್ಷ ಆತ ಮಾಡಿದ ಎಡವಟ್ಟುಗಳ ಲೇವಡಿ. ಸಹಿ ಮಾತ್ರ ಸಂತನದು. ಪದ್ಯವನ್ನು ಪಡೆದವರೇ ಎಲ್ಲರಿಗೂ ಕೇಳುವಂತೆ ಓದಬೇಕು. ಗೇಲಿ ಅಲ್ಲೂ ಇದೆ, ಆದರೆ ಪ್ರಾಸ ಕೂಡಿಸಬೇಕಾದರೆ ಆ ಮನುಷ್ಯನ ಬಗ್ಗೆ ಒಂದಿಷ್ಟು ಹೊತ್ತು ಯೋಚಿಸಲೇಬೇಕು. ಡಿಯೋಡರೆಂಟಿಗೆ ಆ ತ್ರಾಸವೂ ಇಲ್ಲ.

ಕೇಳಿ ತಂದುಕೊಡುವುದರಲ್ಲಿ ಪ್ರೀತಿ ಎಲ್ಲಿದೆ ಎಂಬುದು ಕೊಡುವವರ ಅಳುಕು ಅಷ್ಟೆ. ಸಂಶೋಧಕರಾದ ಫ್ರಾಂಚೆಸ್ಕಾ ಜಿನೋ ಮತ್ತು ಫ್ರಾನ್ಸಿಸ್ ಫ್ಲಿನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಡೆಯುವವರು ಹೆಚ್ಚು ಮೆಚ್ಚಿದ್ದು ತಾವು ಕೇಳಿದ್ದನ್ನೇ. ತಾವೇ ಯೋಚಿಸಿ ತಂದದ್ದೂ ಅಷ್ಟೇ ಮೆಚ್ಚುಗೆಯಾಗುತ್ತದೆ ಎಂದುಕೊಂಡವರು ಕೊಡುವವರು.

ಇನ್ನು ಸಮಾನತೆಯ ಮಾತು. 500 ರೂಪಾಯಿ ಎಲ್ಲರಿಗೂ 500 ರೂಪಾಯಿಯೇ, ಸಂಬಳ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಟೀಮ್ ಲೀಡರ್ ಒಂದು ಸಂಜೆಯ ತಿಂಡಿಗೆ ಖರ್ಚು ಮಾಡುವುದನ್ನು ಫ್ರಂಟ್ ಆಫೀಸಿನ ಹುಡುಗಿ ತಿಂಗಳ ಕೊನೆಯಲ್ಲಿ ಎಲ್ಲಿಂದಲೋ ಹೊಂದಿಸಬೇಕು. ಹೌಸ್‌ಕೀಪಿಂಗ್‌ನವರ ಹೆಸರನ್ನಂತೂ ಡಬ್ಬಿಗೇ ಹಾಕಿರುವುದಿಲ್ಲ, ಹಾಕಿದರೆ ಅವರಿಗೆ ಹೊರೆಯಾಗುತ್ತದೆಂಬ ಕರುಣೆಯಿಂದ. ಮಿತಿಯನ್ನೇ ಇಳಿಸಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಈ ಜಗಳ ಹಳೆಯದು. ನ್ಯೂಯಾರ್ಕಿನಲ್ಲಿ ದುಡಿಯುವ ಹೆಣ್ಣುಮಕ್ಕಳು ಕ್ರಿಸ್‌ಮಸ್ ಬಂತೆಂದರೆ ಮೇಲಿನವರ ಉಡುಗೊರೆಗೆ ವಂತಿಗೆ ಕೊಡಲೇಬೇಕಾಗಿತ್ತು. ಇದರ ವಿರುದ್ಧ 1912ರಲ್ಲಿ, ಹಿಂದೆ ನಟಿಯಾಗಿದ್ದ ಎಲೀನರ್ ಬೆಲ್ಮಾಂಟ್ ಮತ್ತು ಬ್ಯಾಂಕರ್ ಜೆ. ಪಿ. ಮಾರ್ಗನ್‌ರ ಮಗಳು ಆನ್ ಮಾರ್ಗನ್ ಸೇರಿ ನಿಷ್ಪ್ರಯೋಜಕ ಉಡುಗೊರೆಗಳನ್ನು ತಡೆಯುವ ಸಂಘವನ್ನೇ ಕಟ್ಟಿದರು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಅದರ ಸದಸ್ಯರಾದರು. ಸಂಘದವರು ಕ್ರಿಸ್‌ಮಸ್‌ಗೆ ಎದುರಾಗಿರಲಿಲ್ಲ, ಇಲ್ಲ ಎನ್ನಲಾಗದ ವಂತಿಗೆಗೆ ಎದುರಾಗಿದ್ದರು.

ಈ ಡಿಸೆಂಬರಿನಲ್ಲಿ ಚೀಟಿ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದರೆ, ಹೆಸರಿನ ಕೆಳಗೆ ಎರಡು ಸಾಲು ಜಾಗ ಬಿಡಿ. ಅಲ್ಲಿ ಅವರವರಿಗೆ ಬೇಕಾದ ಎರಡು ಮೂರು ವಸ್ತುಗಳನ್ನು ಅವರೇ ಬರೆಯಲಿ. ಮಿತಿಯನ್ನು 150 ರೂಪಾಯಿಗೆ ಇಳಿಸಿ. ಅವೆನ್ಯೂ ರೋಡಿನಲ್ಲಿ ಅಷ್ಟಕ್ಕೆ ಹಳೆಯ ಪುಸ್ತಕ ಸಿಗುತ್ತದೆ. ಪೊಟ್ಟಣದ ಜೊತೆ ಕೈಬರಹದ ನಾಲ್ಕು ಸಾಲು ಇರಲಿ, ಕೆಳಗೆ ಹೆಸರಿರಲಿ. ಮತ್ತು ನಾನು ಸೇರುವುದಿಲ್ಲ ಎಂದವರನ್ನು ಯಾಕೆ ಎಂದು ಕೇಳಬೇಡಿ.