ಅಧಿಕ ಮಾಸ ಮತ್ತು ಎಡಿಎಫ್ ಟೆಸ್ಟ್

ಬೆಲೆ, ಮಾರಾಟ, ಆವಕದ ಅಂಕಿಗಳನ್ನಿಟ್ಟುಕೊಂಡು ಮಾಡುವ ವರದಿಗಳಲ್ಲಿ, ನಮ್ಮ ಐಟಿ ಮಂದಿಯ ಡ್ಯಾಶ್‌ಬೋರ್ಡ್‌ಗಳಲ್ಲಿ, ಪೂಜೆಗೆ ಮೊದಲು ಗಣಪನ ನೆನೆದಂತೆ ಒಂದು ವಾಕ್ಯ ಬಂದೇ ಬರುತ್ತದೆ: ‘ಎಡಿಎಫ್ ಟೆಸ್ಟ್ ಮಾಡಲಾಗಿದೆ, ಸರಣಿ ಸ್ಟೇಷನರಿ ಆಗಿದೆ.’ ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ, ಮುಗೀತು. ಫೋರ್‌ಕಾಸ್ಟ್ ಶುರು. ನನ್ನ ತಕರಾರು ಈ ವಾಕ್ಯದ ಮೇಲೆ.

ರಬಕವಿ-ಬನಹಟ್ಟಿ ಮಗ್ಗದ ಸದ್ದಿನ ಮೇಲೆ ಬದುಕುವ ಊರು. ಅಲ್ಲಿ ಧಂದೆ ಬಿದ್ದಾಗ ನೇಕಾರರು ಕೇಳೋದು ಒಂದೇ ಪ್ರಶ್ನೆ: ‘ಇದು ಆಷಾಢಕ್ಕ ಬಿದ್ದದ್ದೋ, ಇನ್ನ ಏಳೂದ ಇಲ್ಲೋ?’ ಆಷಾಢದ್ದಾದರೆ ಸಾಲ ಮಾಡಿಯಾದರೂ ನೂಲು ತಂದು, ಸೀರೆ ನೇಯ್ದು ಇಟ್ಟುಕೊಂಡು ಶ್ರಾವಣಕ್ಕೆ ಕಾಯಬಹುದು. ಏಳೂದ ಇಲ್ಲ ಅಂದರೆ ಆ ಸಾಲವೇ ಮನೆ ಮುಳುಗಿಸುತ್ತೆ. ‘ಯೂನಿಟ್ ರೂಟ್ ಇದೆಯೋ ಇಲ್ಲವೋ’ ಅನ್ನುವುದು ಇದೇ ಪ್ರಶ್ನೆಯ ಇಂಗ್ಲಿಷ್ ವೇಷ. ಯೂನಿಟ್ ರೂಟ್ ಇರುವ ಸರಣಿ ತಿಂದ ಪೆಟ್ಟನ್ನು ಮರೆಯುವುದಿಲ್ಲ. ಇಲ್ಲದ್ದು ನಿಧಾನಕ್ಕೆ ತನ್ನ ದಾರಿಗೆ ಬರುತ್ತದೆ.

ಡಿಕಿ ಮತ್ತು ಫುಲ್ಲರ್ 1979ರಲ್ಲಿ ಕೊಟ್ಟ ಪರೀಕ್ಷೆ ‘ಯೂನಿಟ್ ರೂಟ್ ಇದೆ’ ಎಂಬ ಊಹೆಯಿಂದಲೇ ಹೊರಡುತ್ತದೆ. ಎಡಿಎಫ್ ಅದರದೇ ವಿಸ್ತರಣೆ. ಪುರಾವೆ ಸಾಲದಿದ್ದರೆ ಊಹೆ ಹಾಗೇ ಉಳಿಯುತ್ತದೆ, ಅಷ್ಟೇ. ಸಾಕ್ಷಿ ಸಾಲದೆ ಬಿಡುಗಡೆಯಾದವರೆಲ್ಲ ನಿರಪರಾಧಿಗಳಲ್ಲವಲ್ಲ! ಆದರೆ ವರದಿಗಳು ‘ಸಾಬೀತಾಗಿದೆ’ ಅಂತಲೇ ಬರೆಯುತ್ತವೆ. ಅದರ ಮೇಲೆ ಟೂಲ್‌ಗಳ ಡೀಫಾಲ್ಟ್ ಬೇರೆ. ಪೈಥಾನ್‌ನ ಸ್ಟಾಟ್ಸ್‌ಮಾಡೆಲ್ಸ್‌ನಲ್ಲಿರುವ ಎಡಿಫುಲ್ಲರ್ ಫಂಕ್ಷನ್ ತಾನಾಗಿ ಒಂದು ಸ್ಥಿರಾಂಕ ಮಾತ್ರ ಇಟ್ಟುಕೊಳ್ಳುತ್ತದೆ. ವರ್ಷವರ್ಷ ಏರುವ ದರವನ್ನು ಹಾಗೇ ಹಾಕಿದರೆ, ಏರುದಾರಿಯ ಆಸುಪಾಸಿನಲ್ಲೇ ಆಡುವ ಸರಣಿಗೂ ಯೂನಿಟ್ ರೂಟ್ ಹಣೆಪಟ್ಟಿ ಬೀಳಬಹುದು. ಏರಿಕೆ ಇದೆ ಅಂತ ನಾವೇ ಹೇಳಬೇಕು. ಸೀಜನ್ ಇದೆ ಅಂತ ಹೇಳೋಣ ಅಂದ್ರೆ ಅದಕ್ಕೆ ಆಯ್ಕೆಯೇ ಇಲ್ಲ!

ಸೀಜನ್ನಿಗೂ ಯೂನಿಟ್ ರೂಟ್ ಇರಬಹುದು. ಹೈಲೆಬರ್ಗ್, ಎಂಗಲ್, ಗ್ರೇಂಜರ್, ಯೂ ಎಂಬ ನಾಲ್ವರು 1990ರಲ್ಲಿ ಅದಕ್ಕೆಂದೇ ಪರೀಕ್ಷೆ ಕಟ್ಟಿದರು. ನಾಲ್ವರ ಮೊದಲ ಅಕ್ಷರ ಕೂಡಿಸಿ ಅದನ್ನು ‘ಹೆಗಿ’ ಅಂತಾರೆ. ಪ್ರತಿ ವರ್ಷ ಅದೇ ತಿಂಗಳು ಏರಿ ಅದೇ ತಿಂಗಳು ಇಳಿಯುವುದು ಒಂದು ಬಗೆ. ಏರುವ ತಿಂಗಳೇ ವರ್ಷದಿಂದ ವರ್ಷಕ್ಕೆ ಅಲೆಯುತ್ತಾ, ಇಂದಿನ ಸುಗ್ಗಿ ತಿಂಗಳು ಮುಂದೊಂದು ದಿನ ಖಾಲಿ ತಿಂಗಳಾಗುವುದು ಇನ್ನೊಂದು. ಇವೆರಡನ್ನು ಬೇರ್ಪಡಿಸುವ ಕೆಲಸ ಹೆಗಿಯದ್ದು. ಒಳ್ಳೆಯ ಪರೀಕ್ಷೆ. ಆದರೆ ಅದಕ್ಕೂ ಗೊತ್ತಿರುವುದು ಜನವರಿಯಿಂದ ಡಿಸೆಂಬರ್ ತನಕದ ಲೆಕ್ಕ ಮಾತ್ರ.

ಸೀರೆ ಕೊಳ್ಳುವವರು ನೋಡುವುದು ಪಂಚಾಂಗ. ದೀಪಾವಳಿ 2022ರಲ್ಲಿ ಅಕ್ಟೋಬರ್ 24ಕ್ಕೆ ಬಂತು. ಮರುವರ್ಷ ಅಧಿಕ ಶ್ರಾವಣ ನಡುವೆ ತೂರಿ ನವೆಂಬರ್ 12ಕ್ಕೆ ಹೋಯಿತು. ಅಕ್ಟೋಬರನ್ನು ಹಿಂದಿನ ಅಕ್ಟೋಬರಿಗೆ ಹೋಲಿಸಿದರೆ ಹಬ್ಬದ ವ್ಯಾಪಾರವೇ ಮಾಯವಾದಂತೆ ಕಾಣುತ್ತದೆ, ಹೋಗಿರುವುದು ಮಾತ್ರ ಪಕ್ಕದ ತಿಂಗಳಿಗೆ. ಹೆಗಿ ಇದನ್ನು ಅಲೆಯುವ ಸೀಜನ್ ಅಂತ ತಿಳಿದರೂ ತಿಳಿಯಬಹುದು. ನಮ್ಮ ಹಬ್ಬ ಗೂಟಕ್ಕೆ ಕಟ್ಟಿದ ಎತ್ತು ಇದ್ದಂತೆ. ಹಗ್ಗ ಇದ್ದಷ್ಟೇ ಅದರ ಓಡಾಟ. ಹಗ್ಗ ಕಿತ್ತುಕೊಂಡು ಹೋದ ಎತ್ತಿನ ಕಥೆಯೇ ಬೇರೆ. ಅಮೆರಿಕದ ಜನಗಣತಿ ಇಲಾಖೆಯ ಎಕ್ಸ್-13 ತಂತ್ರಾಂಶದಲ್ಲಿ ಈಸ್ಟರ್, ಥ್ಯಾಂಕ್ಸ್‌ಗಿವಿಂಗ್ ಒಳಗೇ ಇವೆ. ಯುಗಾದಿ, ದೀಪಾವಳಿಯನ್ನು ನಾವೇ ಕೈಯಾರೆ ತುಂಬಬೇಕು. ತುಂಬಿದ್ದೇವೆಯೇ ಅಂತ ಹೇಳುವ ವರದಿ ಎಷ್ಟಿವೆ?

‘ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿದರೆ’ ಅನ್ನುವ ಸುದ್ದಿಗಳ ಕಥೆಯೂ ಇದೇ. ಹಾಗೆ 12 ತಿಂಗಳ ಹಿಂದಿನದನ್ನು ಕಳೆಯುವುದೆಂದರೆ, ಇದ್ದವೋ ಇಲ್ಲವೋ ನೋಡದೆ 12 ಯೂನಿಟ್ ರೂಟ್‌ಗಳನ್ನು ಒಂದೇ ಏಟಿಗೆ ಕಿತ್ತಂತೆ. 2023ರ ಜುಲೈನಲ್ಲಿ ಟೊಮ್ಯಾಟೊ ಗಗನಕ್ಕೇರಿ ಚಿಲ್ಲರೆ ಹಣದುಬ್ಬರ ಶೇ. 7.44 ಆಯಿತು. ಮರುವರ್ಷದ ಜುಲೈಗೆ ಶೇ. 3.54 ಅಂತ ಮೊದಲ ಅಂದಾಜು ಬಂದಾಗ ಖುಷಿಯ ಹೆಡ್‌ಲೈನ್‌ಗಳು! ಆ ಇಳಿಕೆಯ ದೊಡ್ಡ ಪಾಲು ಹಿಂದಿನ ಜುಲೈನ ಎತ್ತರದ್ದು.

ನಮ್ಮ ಕಡೆಯ ಅಂಕಿಗಳಿಗೆ ಇನ್ನೊಂದು ಗ್ರಹಚಾರ ಇದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಕೃಷ್ಣೆ ಎರಡೂ ಉಕ್ಕಿ ಮುಧೋಳ, ಜಮಖಂಡಿ ಸೀಮೆಯ ಕಬ್ಬು ನೀರಲ್ಲಿ ನಿಂತಿತು. ಸುಧಾರಿಸಿಕೊಳ್ಳುವಷ್ಟರಲ್ಲಿ 2020ರ ಮಾರ್ಚ್‌ನ ಲಾಕ್‌ಡೌನ್, ಮದುವೆ ಸೀಜನ್ನಿನ ಬಾಗಿಲಲ್ಲೇ. ಇಂಥ ಒಂದು ದೊಡ್ಡ ಮುರಿತ ಇದ್ದರೆ, ಯೂನಿಟ್ ರೂಟ್ ಇಲ್ಲದ ಸರಣಿಯೂ ಇರುವಂತೆ ನಟಿಸುತ್ತದೆ ಅಂತ ಪಿಯೆರ್ ಪೆರೋನ್ 1989ರಲ್ಲೇ ತೋರಿಸಿದ. 1929ರ ಕುಸಿತ, 1973ರ ತೈಲ ಆಘಾತ ಇವನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಅಮೆರಿಕದ ಬಹುಪಾಲು ಸರಣಿಗಳ ತೀರ್ಪು ತಿರುಗಿತು. ಮಹಾಲಿಂಗಪುರದ ಬೆಲ್ಲದ ದರಕ್ಕೋ ಬನಹಟ್ಟಿಯ ಸೀರೆ ಮಾರಾಟಕ್ಕೋ ಟೆಸ್ಟ್ ಹಚ್ಚುವವರು ಈ ಎರಡು ತಾರೀಖು ಬರೆದುಕೊಂಡು ಕೂರಬೇಕು.

‘120 ತಿಂಗಳ ಡೇಟಾ ಇದೆ ಸಾರ್’ ಅಂತಾರೆ. 120 ತಿಂಗಳು ಅಂದರೆ ಹತ್ತೇ ದೀಪಾವಳಿ. ತಿಂಗಳ ಬದಲು ವಾರದ ಲೆಕ್ಕ ತಂದರೆ ಸಾಲುಗಳು ಹೆಚ್ಚುತ್ತವೆ, ದೀಪಾವಳಿ ಹೆಚ್ಚುವುದಿಲ್ಲ. ಪೆಟ್ಟು ಮರೆಯಲು ವರ್ಷಗಟ್ಟಲೆ ಹಿಡಿಯುವ ಸರಣಿಯ ನೆನಪಿನ ಶಕ್ತಿಯನ್ನು ಅಷ್ಟರಲ್ಲಿ ಅಳೆಯುವುದು ಕಷ್ಟ. ಯೂನಿಟ್ ರೂಟ್ ‘ಇಲ್ಲ’ ಎಂಬ ಊಹೆಯಿಂದ ಹೊರಡುವ ಕೆಪಿಎಸ್‌ಎಸ್ ಪರೀಕ್ಷೆಯನ್ನೂ ಜೊತೆಗೆ ಮಾಡಿ ನೋಡಿ. ಎಷ್ಟೋ ಸಲ ಎರಡೂ ತಮ್ಮ ತಮ್ಮ ಊಹೆಯನ್ನು ಬಿಟ್ಟುಕೊಡದೆ ಕೂತಿರುತ್ತವೆ. ಆಗ ‘ಈ ಅಂಕಿಗಳಿಂದ ಹೇಳಲಾಗದು’ ಅಂತ ವರದಿಯಲ್ಲಿ ಬರೆಯಬೇಕು. ಆದರೆ ಆಟೋ-ಅರಿಮಾಕ್ಕೆ ಆ ಮಾತು ಬರುವುದಿಲ್ಲ. ಅದು ಯಾವುದೋ ಒಂದು ಮಾಡೆಲ್ ಆರಿಸಿ ಕೊಟ್ಟೇ ಕೊಡುತ್ತದೆ, ನಾವು ಅದನ್ನು ಸ್ಲೈಡಿಗೆ ಅಂಟಿಸುತ್ತೇವೆ.