ಕನ್ನಡದಲ್ಲಿ ವಿಜ್ಞಾನ ಚರಿತ್ರೆ: ಜೀವನಚರಿತ್ರೆಯಿಂದ ಕುಲುಮೆಯವರೆಗೆ

ವಿಜ್ಞಾನದ ಚರಿತ್ರೆ ಕನ್ನಡದಲ್ಲಿ ಬೇರೆಯೇ ಶಾಸ್ತ್ರವಾಗಿ ನೆಲೆಯೂರಲಿಲ್ಲ. ಜನಪ್ರಿಯ ವಿಜ್ಞಾನ ಸಾಹಿತ್ಯದ ಮಡಿಲಲ್ಲಿ ಬೆಳೆಯಿತು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಬಾಳಿದ್ದು ಎರಡೇ ವರ್ಷ. ಓದುಬಲ್ಲ ಜನಕ್ಕೆ ಹೊಸ ತಿಳಿವಳಿಕೆ ಮುಟ್ಟಿಸಬೇಕೆಂಬ ಅದರ ಹಂಬಲ ಮಾತ್ರ ಉಳಿದುಕೊಂಡು, ಶಿವರಾಮ ಕಾರಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ದವರೆಗೂ ಹರಿದು ಬಂತು. ಇಂಥ ಬರಹದಲ್ಲಿ ಚರಿತ್ರೆಗೆ ಸಿಗುವ ಜಾಗ ಪೀಠಿಕೆಯಷ್ಟು: ಹಿಂದಿನವರು ಹೀಗೆ ತಿಳಿದಿದ್ದರು, ಇಂಥವರು ಬಂದು ತಿದ್ದಿದರು ಎಂದು ಹೇಳಿ ಲೇಖಕ ವಿಷಯಕ್ಕೆ ಇಳಿಯುತ್ತಾನೆ.

ಮುಂದಿನ ತಲೆಮಾರು ಈ ಪೀಠಿಕೆಯನ್ನು ಜೀವನಚರಿತ್ರೆಯಾಗಿ ಹಿಗ್ಗಿಸಿತು. ಜಿ. ಟಿ. ನಾರಾಯಣರಾಯರು ಐನ್‌ಸ್ಟೈನ್ ಮತ್ತು ಸುಬ್ರಹ್ಮಣ್ಯನ್ ಚಂದ್ರಶೇಖರ್ ಕುರಿತು ಬರೆದರೆ, ಜೆ. ಆರ್. ಲಕ್ಷ್ಮಣರಾಯರು ಮೇಘನಾದ ಸಹಾ ಅವರನ್ನು ಕುರಿತು ಬರೆದರು. ಭೌತಶಾಸ್ತ್ರದ ಬಿಗಿಯಾದ ವಾದವನ್ನು ಕನ್ನಡದ ವಾಕ್ಯದಲ್ಲಿ ನಿಲ್ಲಿಸುವುದರಲ್ಲಿ ಇವರನ್ನು ಮೀರಿಸಿದವರು ವಿರಳ. ಆದರೆ ಇವರ ಕಥನದ ನಡುಗಂಬ ಒಬ್ಬ ವ್ಯಕ್ತಿ, ಅವನ ಪ್ರತಿಭೆ, ಅವನ ಛಲ. ಪ್ರಯೋಗಾಲಯಕ್ಕೆ ಹಣ ಎಲ್ಲಿಂದ ಬಂತು, ಉಪಕರಣ ಯಾರು ಮಾಡಿಕೊಟ್ಟರು, ಯಾವ ರಾಜಕಾರಣ ಒಂದು ಪ್ರಶ್ನೆಯನ್ನು ಮುಖ್ಯವಾಗಿಸಿತು ಎಂಬುದು ಅಂಚಿನಲ್ಲಿ ಉಳಿಯುತ್ತದೆ. ಜೋಸೆಫ್ ನೀಡಮ್ 1954ರಿಂದ ಚೀನಾದ ಬಗ್ಗೆ ಪ್ರಕಟಿಸಿದ ಸಂಪುಟಗಳೂ ವೈಜ್ಞಾನಿಕ ಕ್ರಾಂತಿಗಳನ್ನು ಕುರಿತ ಥಾಮಸ್ ಕೂನ್ ಅವರ 1962ರ ಪುಸ್ತಕವೂ ಎತ್ತಿದ ಪ್ರಶ್ನೆಗಳು ಕನ್ನಡದ ವಿಜ್ಞಾನ ಬರಹಕ್ಕೆ ತಡವಾಗಿ, ತೆಳುವಾಗಿ ತಲುಪಿದವು.

ಎರಡನೆಯ ಧಾರೆ ಗ್ರಂಥಗಳದು. ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಕನ್ನಡದಲ್ಲೇ ಗಣಿತ ಬರೆದ 12ನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’, ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವೆಲ್ಲ ಸಾಹಿತ್ಯ ಚರಿತ್ರೆಯ ‘ಶಾಸ್ತ್ರಗ್ರಂಥ’ ಅಧ್ಯಾಯದಲ್ಲಿ ಒಂದೆರಡು ಸಾಲು ಪಡೆದು ಸುಮ್ಮನಾಗುತ್ತವೆ. ಅವುಗಳ ಗಣಿತವನ್ನೋ ವೈದ್ಯವನ್ನೋ ಬಲ್ಲವರು ಹಳಗನ್ನಡ ಓದುವುದಿಲ್ಲ, ಹಳಗನ್ನಡ ಬಲ್ಲವರು ಗಣಿತ ಮುಟ್ಟುವುದಿಲ್ಲ. ಈ ಬಿರುಕನ್ನು ದಾಟಿದವರಲ್ಲಿ ಎಸ್. ಬಾಲಚಂದ್ರರಾವ್ ಮುಖ್ಯರು, ಸಿದ್ಧಾಂತ ಗ್ರಂಥಗಳ ಗ್ರಹಣ ಗಣನೆಯನ್ನು ಅವರು ಲೆಕ್ಕ ಮಾಡಿಯೇ ತೋರಿಸಿದರು. ಬಿ. ಎಸ್. ಶೈಲಜಾ ಶಾಸನಗಳಲ್ಲಿ ದಾಖಲಾದ ಗ್ರಹಣಗಳನ್ನು ಖಗೋಳ ಗಣನೆಯೊಡನೆ ಹೋಲಿಸಿದ್ದಾರೆ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳು ಹೀಗೆ ವಿಜ್ಞಾನ ಚರಿತ್ರೆಯ ಆಕರವೂ ಆದವು.

ಗ್ರಂಥದ ಹೆಮ್ಮೆ ಎಲ್ಲಿ ದಾರಿ ತಪ್ಪುತ್ತದೆ ಎಂಬುದಕ್ಕೆ ಕರ್ನಾಟಕವೇ ಒಂದು ದೃಷ್ಟಾಂತ ಕೊಟ್ಟಿದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 20ನೆಯ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಮೈಸೂರಿನ ಜಿ. ಆರ್. ಜೋಸಿಯರ್ 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಭರದ್ವಾಜ ಮಹರ್ಷಿಯ ಹೆಸರಿನಲ್ಲಿ ಪ್ರಕಟಿಸಿದರು. ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು ಅದನ್ನು ಒರೆಗೆ ಹಚ್ಚಿದರು. ಅವರು ನಕ್ಕು ತಳ್ಳಿಹಾಕಲಿಲ್ಲ. ಭಾಷೆ ಯಾವ ಕಾಲದ್ದೆಂದು ನೋಡಿದರು, ಹಸ್ತಪ್ರತಿ ಹೇಗೆ ಬಂತೆಂದು ವಿಚಾರಿಸಿದರು, ಚಿತ್ರಗಳಲ್ಲಿದ್ದ ಶಕುನ, ರುಕ್ಮ ಮೊದಲಾದ ವಿಮಾನಗಳ ಅಳತೆ, ತೂಕಗಳನ್ನು ವಾಯುಚಲನ ಶಾಸ್ತ್ರಕ್ಕೆ ಒಡ್ಡಿದರು. ಕೃತಿ 1904ಕ್ಕಿಂತ ಹಳೆಯದಲ್ಲ, ಆ ವಿಮಾನಗಳು ಹಾರಲಾರವು ಎಂಬುದು ಅವರ ತೀರ್ಮಾನ. ಪಠ್ಯ ವಿಮರ್ಶೆ ಮತ್ತು ಎಂಜಿನಿಯರಿಂಗ್ ಒಂದೇ ಲೇಖನದಲ್ಲಿ ಹೀಗೆ ಜೊತೆಯಾದದ್ದು ನಮ್ಮಲ್ಲಿ ಅಪರೂಪ. ಕರ್ನಾಟಕದ ವಿಜ್ಞಾನ ಚರಿತ್ರೆ ಬರಹದಲ್ಲಿ ವಿಧಾನದ ದೃಷ್ಟಿಯಿಂದ ಮೇಲ್ಪಂಕ್ತಿಯೆನ್ನಬೇಕಾದ ಈ ಪ್ರಬಂಧವನ್ನು ಬರೆದವರು ವೃತ್ತಿಯಿಂದ ಚರಿತ್ರಕಾರರಾಗಿರಲಿಲ್ಲ, ಬರೆದದ್ದು ಕನ್ನಡದಲ್ಲೂ ಅಲ್ಲ.

ರೊದ್ದಂ ನರಸಿಂಹ ಅವರ ಕೆಲಸವೂ ಇದೇ ಜಾತಿಯದು. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್ಟನ್ನು ಕುರಿತ 1985ರ ಅವರ ಪ್ರಬಂಧ ಜಯಘೋಷಕ್ಕೆ ಇಳಿಯುವುದಿಲ್ಲ. ಕಬ್ಬಿಣದ ಕೊಳವೆ ಹೆಚ್ಚು ಒತ್ತಡ ತಡೆದದ್ದರಿಂದ ರಾಕೆಟ್ಟಿನ ದೂರ ಹೇಗೆ ಹೆಚ್ಚಿತು ಎಂದು ಅದು ವಿವರಿಸುತ್ತದೆ. ಅದೇ ರಾಕೆಟ್ಟು ಬ್ರಿಟನ್ನಿಗೆ ಹೋಗಿ ಕಾಂಗ್ರೀವ್ ಕೈಯಲ್ಲಿ ಬೆಳೆದಾಗ ಮೈಸೂರಿನಲ್ಲೇಕೆ ಬೆಳೆಯಲಿಲ್ಲ ಎಂದೂ ಕೇಳುತ್ತದೆ. ಹೊಸನಗರ ತಾಲೂಕಿನ ನಗರ ಎಂಬ ಊರಿನ ಹಾಳುಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ದೊರೆತ ಮೇಲೆ ಈ ಚರ್ಚೆಗೆ ಲೋಹದ ಸಾಕ್ಷ್ಯವೂ ಸಿಕ್ಕಂತಾಯಿತು. ಬಿ. ವಿ. ಸುಬ್ಬರಾಯಪ್ಪನವರು ಭಾರತೀಯ ವಿಜ್ಞಾನ ಸಂಸ್ಥೆಯ ಚರಿತ್ರೆಯನ್ನು 1992ರಲ್ಲಿ ಪ್ರಕಟಿಸಿದರು. ಸಂಸ್ಥೆಯೊಂದನ್ನು ಕಥಾನಾಯಕನನ್ನಾಗಿ ಮಾಡಿದ್ದು ಅದರ ಹೊಸತನ. ದನಿ ಮಾತ್ರ ಅಭಿನಂದನ ಗ್ರಂಥಕ್ಕೆ ಹತ್ತಿರ.

ಈ ಎಲ್ಲ ಧಾರೆಗಳಿಗೂ ಸಮಾನವಾದ ಕೊರತೆಯೊಂದಿದೆ: ಕಸುಬಿನ ಜ್ಞಾನ. ಚಿತ್ರದುರ್ಗ ಜಿಲ್ಲೆಯ ಹೊರಕೆರೆದೇವಪುರದ ಸುತ್ತಲಿನ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯನ್ನು ನೋಡಿದರೆ ಆ ಕೊರತೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ಬಳೆಗಾಜು ಕರಗಿಸುವ ಕುಲುಮೆಗಳಿದ್ದವು. ಫ್ರಾನ್ಸಿಸ್ ಬುಕಾನನ್ 1800–01ರ ಪ್ರವಾಸದ ವರದಿಯಲ್ಲಿ ಆ ಕೆಲಸವನ್ನು ದಾಖಲಿಸಿದ. ಬಳಿಕ ಗೆಜೆಟಿಯರುಗಳು ಅದನ್ನು ಪ್ರಸ್ತಾಪಿಸಿದವು. ಬುಕಾನನ್ ಬರೆದದ್ದು ಕಂಪನಿ ಸರ್ಕಾರದ ಆಣತಿಯಂತೆ, ಹೊಸದಾಗಿ ಕೈವಶವಾದ ನಾಡಿನ ಸಂಪತ್ತನ್ನು ಅಳೆಯಲು. ಕುಲುಮೆಯ ಶಾಖ ಹದಕ್ಕೆ ಬಂದದ್ದನ್ನು ಕಣ್ಣಿನಿಂದಲೇ ಗುರುತಿಸುತ್ತಿದ್ದವರ ಮಾತು ಅಲ್ಲಿ ಬರುವುದು ಅವನ ಅಳತೆಗೋಲಿನ ಮೂಲಕ.

ಕಬ್ಬಿಣದ ಕಥೆಯೂ ಹಾಗೆಯೇ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯನ್ನು 1947ರಲ್ಲಿ ಅಗೆದ ಮಾರ್ಟಿಮರ್ ವೀಲರ್ ಅಲ್ಲಿನ ಬೃಹತ್ ಶಿಲಾ ಸಮಾಧಿಗಳನ್ನು, ಅಂದರೆ ಕಬ್ಬಿಣದ ಬಳಕೆಯನ್ನು, ಕ್ರಿ.ಪೂ. 200ರ ಆಸುಪಾಸಿಗೆ ಇಟ್ಟ. ಎಂ. ಎಸ್. ನಾಗರಾಜರಾವ್ ಅವರು ಹಳ್ಳೂರಿನಲ್ಲಿ ಉತ್ಖನನ ಮಾಡಿದ ಮೇಲೆ ಇಂಗಾಲದ ಕಾಲಗಣನೆ ದಕ್ಷಿಣದ ಕಬ್ಬಿಣವನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದಿತು. ಇಷ್ಟು ದೊಡ್ಡ ತಿದ್ದುಪಡಿ ಪುರಾತತ್ವದ ವರದಿಗಳಲ್ಲೇ ಹೆಚ್ಚಾಗಿ ಉಳಿಯಿತು. ವಿಜ್ಞಾನ ಲೇಖಕರು ಅದನ್ನು ತಮ್ಮ ಕಥೆಯೆಂದು ಎತ್ತಿಕೊಂಡದ್ದು ಕಡಿಮೆ.

ನೀರಿನ ವಿಷಯದಲ್ಲಂತೂ ಆಕರಗಳಿಗೆ ಬರವಿಲ್ಲ. ಚಂದ್ರವಳ್ಳಿಯ ಮಯೂರಶರ್ಮನ ಶಾಸನ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿ ಕಟ್ಟಿದ ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಮುಗಿಯಿತು. ಅವೆರಡರ ನಡುವಿನ ಒಂದೂವರೆ ಸಾವಿರ ವರ್ಷಗಳ ಏರಿ, ತೂಬು, ಕೋಡಿಗಳ ತಂತ್ರ ಸಾಮಾನ್ಯವಾಗಿ ದಾನಶಾಸನಗಳ ಅಧ್ಯಯನದಲ್ಲಿ ಪುಣ್ಯಕಾರ್ಯವಾಗಿ ಕಾಣಿಸಿಕೊಳ್ಳುತ್ತದೆಯೇ ಹೊರತು ಎಂಜಿನಿಯರಿಂಗ್ ಆಗಿ ಅಲ್ಲ.

ಇದೇ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಕುದಾಪುರ ಆವರಣವೂ ರಕ್ಷಣಾ ಸಂಶೋಧನೆಯ ವೈಮಾನಿಕ ಪರೀಕ್ಷಾ ನೆಲೆಯೂ ಇವೆ. ಹುಲ್ಲುಗಾವಲು ಪ್ರಯೋಗಾಲಯವಾದ ಈ ಬದಲಾವಣೆ ದನ ಮೇಯಿಸುವವರ ಹೋರಾಟ ಮತ್ತು ಹಸಿರು ನ್ಯಾಯಮಂಡಳಿಯ ವಿಚಾರಣೆಯನ್ನು ಹಾದು ಬಂದಿದೆ. ಮೈಸೂರು ಅರಸರ ಕಾಲದ ಕಾವಲು ದಾಖಲೆಗಳಿಂದ ನ್ಯಾಯಮಂಡಳಿಯ ಆದೇಶಗಳವರೆಗೆ ಅದರ ಕಾಗದಪತ್ರಗಳು ಪತ್ರಾಗಾರಗಳಲ್ಲೂ ಕಚೇರಿಗಳಲ್ಲೂ ಹಂಚಿಹೋಗಿವೆ.